ಮೇಜಿನ ಕೆಳಗಿನ ಪೆಟ್ಟಿಗೆ

ನೈರೋಬಿಯಲ್ಲಿ ನಾನು ಪಾಠ ಮಾಡುವ ವಿಶ್ವವಿದ್ಯಾಲಯದ ಆಫೀಸಿನಲ್ಲಿ ಒಬ್ಬ ಗುಮಾಸ್ತರಿದ್ದರು. ದಾರಿ ಕೇಳಿದ ವಿದ್ಯಾರ್ಥಿಗಳಿಗೆ ಕೂತಲ್ಲಿಂದ ಕೈ ತೋರಿಸಿದವರೇ ಅಲ್ಲ. ಕನ್ನಡಕವನ್ನು ಹಣೆಗೇರಿಸಿ, "ಟ್ವೆಂಡೆ", ನಡಿ ಹೋಗೋಣ, ಎಂದು ತಾವೇ ಎದ್ದು ನಮ್ಮ ಅಧ್ಯಾಪಕರ ಕೋಣೆಗಳ ಬಾಗಿಲವರೆಗೂ ಕರೆತರುತ್ತಿದ್ದರು. ಮನೆತನದಲ್ಲೇ ಮೊದಲಿಗರಾಗಿ ಕಾಲೇಜು ಮೆಟ್ಟಿಲು ಹತ್ತಿದ ಹುಡುಗರು ಬಾಗಿಲು ತಟ್ಟಲೂ ಹೆದರುತ್ತಾರೆ ಎನ್ನುತ್ತಿದ್ದರು. ಎಳೆಮಕ್ಕಳೇನು ಇವರು, ಎಂದು ನಾನು ಗೊಣಗುತ್ತಿದ್ದೆ.

ಒಮ್ಮೆ ನನ್ನ ಪರೀಕ್ಷೆಯಲ್ಲಿ ಫೇಲಾದ ಹುಡುಗನೊಬ್ಬ ಊರಿಗೆ ಹೊರಟುಬಿಟ್ಟ. ಗುಮಾಸ್ತರು ಊರೂರಿಗೆ ಹೋಗುವ ಮಟಾಟು ವ್ಯಾನುಗಳ ಸ್ಟಾಪಿಗೆ ಓಡಿ, ತಗಡಿನ ಪೆಟ್ಟಿಗೆಯ ಸಮೇತ ಅವನನ್ನು ಹಿಂದಕ್ಕೆ ಕರೆತಂದರು.

"ಫೇಲಾದ್ರೆ ಕಾಲೇಜೇ ಬಿಡ್ಬೇಕು ಅಂದ್ಕೊಂಡಿದ್ದಾನೆ ಮ್ಯಾಡಮ್. ಮತ್ತೆ ಬರೀಬಹುದು ಅಂತ ಹೇಳೋರು ಅವನ ಮನೇಲಿ ಯಾರಿದ್ದಾರೆ?"

ನಾನೂ ಹೇಳಿರಲಿಲ್ಲ.

ಬಟ್ಟೆಬರೆಯನ್ನೆಲ್ಲ ಅವನ ಕೈಗಿಟ್ಟು, ಖಾಲಿ ಪೆಟ್ಟಿಗೆಯನ್ನು ತಮ್ಮ ಮೇಜಿನ ಕೆಳಗೆ ತಳ್ಳಿದರು. "ಇದು ಡಿಗ್ರಿ ಮುಗಿದ ದಿನ ಸಿಗುತ್ತೆ."

ಘಟಿಕೋತ್ಸವದ ದಿನ ಅವನು ಗೌನಿನಲ್ಲೇ ಬಂದು ಪೆಟ್ಟಿಗೆ ಕೇಳಿದ. ಎಳೆದುಕೊಡಲು ನಾನೂ ಬಗ್ಗಿದೆ. ಮೇಜಿನ ಕೆಳಗೆ ಇನ್ನೂ ಮೂರು ಪೆಟ್ಟಿಗೆಗಳಿದ್ದವು. ಅವುಗಳ ಮೇಲೆ ಬಿಳಿ ಬಣ್ಣದಲ್ಲಿ ಬರೆದಿದ್ದ ಹೆಸರುಗಳನ್ನು ನಾನು ದಿನವೂ ಹಾಜರಿಯಲ್ಲಿ ಕೂಗುತ್ತಿದ್ದೆ.