ಕನಕಾಂಬರದ ಕೀಬೋರ್ಡು

ಹೋದ ಭಾನುವಾರ ಸಜ್ಜೆ ಮೇಲಿನ ಸಾಮಾನು ಇಳಿಸುವಾಗ ಹಳೇ ಕೀಬೋರ್ಡೊಂದು ಕೈಗೆ ಸಿಕ್ಕಿತು. ಅದರ ಮೇಲೆ ಚೀಟಿ ಅಂಟಿತ್ತು: ‘ಕನಕಾಂಬರ’. ಕೆಳಗೆ ನನ್ನದೇ ಕೋಳಿಕಾಲು ಅಕ್ಷರದಲ್ಲಿ, ‘ಆಗಾಗ ತಿರುಗಿ ನೋಡಿ’. ಧೂಳಿಗೆ ಸೀನುತ್ತಾ ಸ್ಟೂಲಿನ ಮೇಲೆ ನಿಂತೇ ನಕ್ಕುಬಿಟ್ಟೆ.

ಚಂದ್ರಾ ಲೇಔಟಿನಲ್ಲಿ ದರ್ಶಿನಿಯೊಂದರ ಮಹಡಿ ಮೇಲೆ, ನಾವೆಲ್ಲ ಆಂಟಿ ಅಂತಲೇ ಕರೆಯುತ್ತಿದ್ದವರ ಸೈಬರ್ ಸೆಂಟರ್ ಇತ್ತು. ಎರಡು ಸಾವಿರದ ಆರೋ ಏಳೋ ಇರಬೇಕು... ಎಂಟು ಕಂಪ್ಯೂಟರು, ಎಲ್ಲಕ್ಕೂ ಹೂವಿನ ಹೆಸರು. ಮಲ್ಲಿಗೆ, ಸಂಪಿಗೆ, ಸೇವಂತಿಗೆ, ಕನಕಾಂಬರ... ಬಾಗಿಲ ಪಕ್ಕ, ಎಲ್ಲರ ಬೆನ್ನ ಹಿಂದೆ ಆಂಟಿಯ ಕೌಂಟರು. ಹಾರ್ಡ್‌ವೇರ್ ಕೋರ್ಸ್ ಮುಗಿಸಿದ್ದ ನಾನು ಆ ಹೂವುಗಳ ಡಾಕ್ಟರು. ಕೆಳಗಿಂದ ದೋಸೆ ವಾಸನೆ ಬರುತ್ತಿದ್ದರೆ ಯಾವ ಸಿಸ್ಟಮ್ ಕೆಟ್ಟರೂ ನನಗೆ ಬೇಜಾರಿರಲಿಲ್ಲ.

ಗಂಟಲಿನ ಆಪರೇಷನ್ ಆದಮೇಲೆ ಆಂಟಿಗೆ ದನಿ ಹೋಗಿತ್ತು. ಉಳಿದದ್ದು ಪಿಸುಮಾತು, ಫ್ಯಾನ್ ಸದ್ದಿನಲ್ಲಿ ಅದೂ ಕೇಳುತ್ತಿರಲಿಲ್ಲ. ‘ಅಂಗಡಿ ಮುಚ್ತೀನಿ ಕಣೇ’ ಅಂತ ಚೀಟಿ ಬರೆದು ತೋರಿಸಿದರು. ಆಗ ನಾನೊಂದು ವಿದ್ಯೆ ಹೇಳಿಕೊಟ್ಟೆ. ಕೌಂಟರಿನ ಕಂಪ್ಯೂಟರಲ್ಲಿ ಒಂದು ಕಮಾಂಡ್, ಪಕ್ಕದಲ್ಲಿ ಹೂವಿನ ಹೆಸರು, ಆಮೇಲೆ ಹೇಳಬೇಕಾದ ಮಾತು. ಆ ಹೂವಿನ ಪರದೆ ಮೇಲೆ ಪುಟ್ಟ ಬಾಕ್ಸ್ ಟಪ್ ಅಂತ ಬಂದು ಕೂರುತ್ತಿತ್ತು. ಅಬ್ಬಬ್ಬಾ, ಅವತ್ತಿನಿಂದ ಆಂಟಿ ಬಾಯಿಗೆ ಬೀಗವೇ ಇಲ್ಲ! ‘ಟೈಮ್ ಆಯ್ತು ಮರಿ.’ ‘ಕಾಲು ಕೆಳಗಿಳಿಸು.’ ‘ಊಟ ಆಯ್ತಾ?’

ಎಲ್ಲರಿಗೂ ಒಟ್ಟಿಗೆ ಹೇಳಬೇಕಾದರೆ ಹೂವಿನ ಬದಲು ನಕ್ಷತ್ರದ ಗುರುತು ಒತ್ತಬೇಕಿತ್ತು. ಒಂದು ಮಧ್ಯಾಹ್ನ ಕಾಲೇಜಿಗೆ ಚಕ್ಕರ್ ಹೊಡೆದು ಸಂಪಿಗೆಯಲ್ಲಿ ಕೂತಿದ್ದ ಹುಡುಗನ ತಾಯಿ ಮೆಟ್ಟಿಲು ಹತ್ತಿ ಬರುವುದು ಆಂಟಿಗೆ ಕಂಡಿತು. ಪಾಪ, ಹುಡುಗನನ್ನು ಉಳಿಸೋ ಗಡಿಬಿಡಿಯಲ್ಲಿ ನಕ್ಷತ್ರ ಒತ್ತಿಬಿಟ್ಟರು. ‘ನಿಮ್ಮಮ್ಮ ಬಂದ್ರು!’ ಎಂಟೂ ಪರದೆ ಮೇಲೆ! ಎಂಟೂ ಕುರ್ಚಿ ಒಟ್ಟಿಗೆ ಹಿಂದಕ್ಕೆ ಸರಿದವು. ಇಬ್ಬರು ಮೇಜಿನ ಕೆಳಗೆ. ಟ್ರೈನ್ ಟಿಕೆಟ್ ನೋಡುತ್ತಿದ್ದ ಅರವತ್ತು ದಾಟಿದ ಅಂಕಲ್ಲೂ ಎದ್ದು ನಿಂತು ಶರ್ಟ್ ಸರಿಮಾಡಿಕೊಂಡರು. ಆಂಟಿ ಸದ್ದಿಲ್ಲದೆ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು.

ಆಮೇಲೆ ಗಿರಾಕಿಗಳು ಹೊಸ ಆಪರೇಟಿಂಗ್ ಸಿಸ್ಟಮ್ ಬೇಕು ಅಂತ ರಾಗ ಎಳೆಯತೊಡಗಿದರು. ನಾನೂ ಜಂಬದಿಂದ ಎಲ್ಲಕ್ಕೂ ಹಾಕಿಬಿಟ್ಟೆ. ಬೆಳಿಗ್ಗೆ ಆಂಟಿ ಕಮಾಂಡ್ ಒತ್ತಿದರೆ... ಏನೂ ಇಲ್ಲ. ಹೊರಗಿನವರು ಈ ಬಾಕ್ಸಿನ ದಾರಿಯಲ್ಲಿ ಜಾಹೀರಾತು ತುರುಕುತ್ತಿದ್ದರಂತೆ. ಹಳೇ ಸೌಲಭ್ಯ, ಇನ್ನು ಯಾರಿಗೂ ಬೇಡ ಅಂತ ಹೊಸ ಸಿಸ್ಟಮ್ ಮಾಡಿದ ಕಂಪನಿಯವರು ಕಿತ್ತೇ ಹಾಕಿದ್ದರು. ಯಾರಿಗೂ ಬೇಡವಂತೆ! ಆಂಟಿ ಇನ್ನೊಂದು ಸಲ ಒತ್ತಿದರು, ಮತ್ತೊಂದು ಸಲ.

“ಹಳೇದೇ ವಾಪಸ್ ಹಾಕ್ತೀನಿ ಆಂಟಿ,” ಅಂದೆ.

ಹತ್ತಿರ ಕರೆದು ಕಿವಿಯಲ್ಲಿ ಹೇಳಿದರು. “ಬೇಡ ಕಣೇ. ಹೊಸದಿಲ್ಲ ಅಂದ್ರೆ ಎಲ್ರೂ ಎದುರಂಗಡಿಗೆ ಹೋಗ್ತಾರೆ. ಮುಚ್ಚೋದೇ ಸರಿ.”

ಮುಚ್ಚೋದಂತೆ, ಮುಚ್ಚೋದು! ನನಗೆ ನನ್ನ ಮೇಲೇ ಸಿಟ್ಟು ಬಂತು. ಪೆನ್ನು ತಗೊಂಡು ಎಂಟೂ ಕೀಬೋರ್ಡಿನ ಚೀಟಿಯಲ್ಲಿ ಹೂವಿನ ಹೆಸರಿನ ಕೆಳಗೆ ‘ಆಗಾಗ ತಿರುಗಿ ನೋಡಿ’ ಅಂತ ಬರೆದೆ. ಇಷ್ಟು ಓದಿ ಇದೇನಾ ನನ್ನ ಪರಿಹಾರ ಅಂತ ನಾಚಿಕೆಯೂ ಆಯಿತು.

ಆದರೆ ಮಾರನೇ ದಿನದಿಂದ ಒಂದೊಂದೇ ತಲೆ ಕೌಂಟರ್ ಕಡೆ ತಿರುಗತೊಡಗಿತು. ಆಂಟಿ ಗಡಿಯಾರ ತೋರಿಸಿದರೆ ಟೈಮ್ ಆಯ್ತು ಅಂತ. ಐದೂ ಬೆರಳು ಕೂಡಿಸಿ ಬಾಯಿ ಹತ್ತಿರ ಹಿಡಿದರೆ ಊಟ ಆಯ್ತಾ ಅಂತ. ಅಲ್ಲೀತನಕ ಅವರ ಮುಖವನ್ನೇ ಸರಿಯಾಗಿ ನೋಡಿರದ ಹುಡುಗರು ಈಗ ಹೋಗುವಾಗ ಕೈ ಬೀಸುತ್ತಿದ್ದರು. ಅಂಗಡಿ ಇನ್ನೂ ನಾಲ್ಕು ವರ್ಷ ಜೋರಾಗಿ ನಡೆಯಿತು. ಆ ಬಾಕ್ಸ್ ಬೇಕು ಅಂತ ಆಂಟಿ ಮತ್ತೆ ಕೇಳಲೇ ಇಲ್ಲ.

ಎಲ್ಲರ ಕೈಗೂ ಮೊಬೈಲ್ ಬಂದಮೇಲೆ ಅಂಗಡಿ ಮುಚ್ಚಿದರು. ಅವತ್ತು ನಾನು ಯಾವಾಗಲೂ ಕೂರುತ್ತಿದ್ದ ಕನಕಾಂಬರದ ಕೀಬೋರ್ಡನ್ನು ನನಗೇ ಕೊಟ್ಟರು. ಈಗ ಅಲ್ಲಿ ಚಪ್ಪಲಿ ಅಂಗಡಿ. ಆಂಟಿ ಹೋಗಿ ಎಷ್ಟೋ ವರ್ಷವಾಯಿತು...

ಕೀಬೋರ್ಡ್ ಒರೆಸಿ ನನ್ನ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ನಿನ್ನೆ ಮಧ್ಯಾಹ್ನ ಕೆಲಸದ ನಡುವೆ, ನನಗೇ ಗೊತ್ತಿಲ್ಲದೆ ಹಿಂದಕ್ಕೆ ತಿರುಗಿದೆ. ಗೋಡೆ ಇತ್ತು. ಆದರೂ ಹೇಳಿದೆ, “ಊಟ ಆಯ್ತು ಆಂಟಿ.”