ಸೆವ್ರಿನ್ ಬಾಯಿ ಹೊಲಿದ ಕಾರ್ಸೆಟ್

ಹೋದ ವಾರ ದುಬೈಯ ಅಲ್ ಮುರಕ್ಕಬಾತಿನ ಅಂಗಡಿಯೊಂದರಲ್ಲಿ ಮಗಳು ಟ್ರಯಲ್ ರೂಮಿನಿಂದ ಹೊರಬಂದು, ಬೆನ್ನು ತಿರುಗಿಸಿ, “ಮಮ್ಮಾ, ಟೈ ದಿಸ್” ಎಂದಳು. ಈಗಿನ ಫ್ಯಾಷನ್ನಿನ ಕಾರ್ಸೆಟ್, ಎದೆಯಿಂದ ಸೊಂಟದವರೆಗೆ ಬಿಗಿಯುವ ಕುಪ್ಪಸ. ಹಿಂದುಗಡೆ ಅಡ್ಡಡ್ಡ ಲಾಡಿ. ನನ್ನ ಬೆರಳುಗಳು ತಾವಾಗಿಯೇ ಸೊಂಟದ ಹತ್ತಿರದಿಂದ ಶುರುಮಾಡಿ ಬಿಗಿಯತೊಡಗಿದವು. “ಹೂ ಟಾಟ್ ಯು?” ಎಂದಳು. ಯಾರೋ ಕಲಿಸಿದರು ಎಂದೆ. ನಿಮಗಾದರೂ ಪೂರ್ತಿ ಹೇಳುತ್ತೇನೆ.

ಮದುವೆಗೆ ಮುಂಚೆ ನಾನು ಇದೇ ದುಬೈಯ ನೈಫ್ ಬಡಾವಣೆಯಲ್ಲಿ, ಮದುಮಗಳ ಬಿಳಿ ಗೌನು ಹೊಲಿಯುವ ಅಂಗಡಿಯಲ್ಲಿ ಅಳತೆ ಬರೆದುಕೊಳ್ಳುವವಳಾಗಿದ್ದೆ. ಹೊಲಿಗೆ ನನಗೆ ಬರುತ್ತಿರಲಿಲ್ಲ. ನಾನು ಹಾಕಿದ ಗುಂಡಿ ಅಂಗಡಿಯ ಬಾಗಿಲು ದಾಟುವ ಮೊದಲೇ ಬೀಳುತ್ತಿತ್ತು. ಗೌನಿನೊಳಗಿನ ಕಾರ್ಸೆಟ್ ಉಡುಪಿ ಹತ್ತಿರದ ಶಿರ್ವದ ಕಡೆಯ ಸೆವ್ರಿನ್ ಬಾಯಿಯವರ ಕೆಲಸ. ಬಟ್ಟೆಯ ಪದರಗಳ ನಡುವೆ ಉಕ್ಕಿನ ಪಟ್ಟಿ ತೂರಿಸುವ ಮುನ್ನ ಅದರ ತುದಿಯನ್ನು ತಮ್ಮ ಕೆನ್ನೆಗೆ ಒತ್ತಿ ನೋಡುತ್ತಿದ್ದರು, ಚುಚ್ಚುತ್ತದೆಯೋ ಎಂದು. “ಉಸಿರು ಎಳ್ಕೊಂಡಾಗ ಅಳೀಬೇಕು ಮಾರಾಯ್ತಿ. ಮದುಮಗಳಿಗೆ ನಗ್ಲಿಕ್ಕುಂಟು, ಅಳ್ಲಿಕ್ಕುಂಟು” ಎನ್ನುತ್ತಿದ್ದರು.

ಊರಲ್ಲಿದ್ದ, ಅವರು ಮೂರು ವರ್ಷದಿಂದ ಕಾಣದ ಮಗಳು ಲವೀನಾಳ ಮದುವೆ ಗೊತ್ತಾಯಿತು. ಫೋನಿನಲ್ಲಿ ಬಂದ ಅಳತೆ ಹೆಚ್ಚುಕಡಿಮೆ ನನ್ನದೇ. ಹಾಗಾಗಿ ಮಧ್ಯಾಹ್ನದ ಊಟದ ಬಿಡುವಿನಲ್ಲೆಲ್ಲ ಬೊಂಬೆಯಂತೆ ನಿಂತವಳು ನಾನು. ಒಮ್ಮೆ ಲಾಡಿ ಎಳೆಯುತ್ತಿದ್ದವರು ನನ್ನ ಬೆನ್ನಿಗೆ ಹಣೆಯಿಟ್ಟು ನಿಂತುಬಿಟ್ಟರು. “ಇಷ್ಟು ದೊಡ್ಡವಳಾದಳಾ ನನ್ನ ಹುಡುಗಿ?”

ಮದುವೆಗಳ ಸೀಸನ್ ಎಂದು ಧಣಿ ಅವರಿಗೆ ರಜೆ ಕೊಡಲಿಲ್ಲ. ನಾನಿಲ್ಲದಿದ್ದರೆ ಅಂಗಡಿಗೆ ಏನೂ ಆಗುತ್ತಿರಲಿಲ್ಲ, ನನಗೆ ಸಿಕ್ಕಿತು. ಬಾಯಿ ನನಗೆ ಲಾಡಿ ಕಟ್ಟುವುದನ್ನು ಕಲಿಸಿ ಗೌನನ್ನು ಕೈಗಿತ್ತರು. “ಬರದವರು ಕಟ್ಟಿದ್ರೆ ಅದು ಜಾರ್ತದೆ. ಮದುವೆ ಬೆಳಿಗ್ಗೆ ನೀನೇ ಹೋಗಿ ಕಟ್ಟು. ಹೋಗ್ತೀ ಅಲ್ವಾ?”

“ಹೋಗ್ತೇನೆ ಬಾಯಿ” ಎಂದೆ.

ಊರಿಗೆ ಹೋದವಳು ಗೌನನ್ನು ಮೊದಲೇ ತಲುಪಿಸಿದೆ. ಲವೀನಾ ಮನೆಯಲ್ಲಿರಲಿಲ್ಲ, ಅವಳ ಅಜ್ಜಿಯ ಕೈಗೆ ಕೊಟ್ಟು ಬಂದೆ. ಲವೀನಾಳ ಮದುವೆಯ ಬೆಳಿಗ್ಗೆಯೇ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವರೆಂದು ಅಮ್ಮ ಸೀರೆ ಉಡಿಸಿ ಕೂರಿಸಿದರು. ಎದ್ದು ಹೋಗಬಹುದಿತ್ತು. ದುಬೈಯಿಂದ ಬಾಯಿಯವರ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಎತ್ತಲಿಲ್ಲ. ಆ ಗಂಡಿಗೆ ನಾನು ಹಿಡಿಸಲೂ ಇಲ್ಲ.

ಮರಳಿದಾಗ ಬಾಯಿ ಫೋಟೊ ತೋರಿಸಿದರು. ಲವೀನಾ ಬಾಡಿಗೆಯ ಗೌನಿನಲ್ಲಿದ್ದಳು.

“ಕಟ್ಲಿಕ್ಕೆ ಅಲ್ಲಿ ಯಾರಿಗೂ ಬರ್ಲಿಲ್ಲಂತೆ” ಎಂದರು. ನಾನು ಏನೋ ಹೇಳಲು ಹೊರಟೆ. “ಖಲಾಸ್, ಮುಗೀತು. ಯಲ್ಲಾ, ಬೇಗ ಅಳತೆ ಬರಿ.”

ಬೈದಿದ್ದರೆ ಹಗುರವಾಗುತ್ತಿದ್ದೆನೋ ಏನೋ. ಆಮೇಲೆ ನನ್ನನ್ನು ಯಾವ ಲಾಡಿಯನ್ನೂ ಮುಟ್ಟಗೊಡಲಿಲ್ಲ. ವೀಸಾ ಮುಗಿದು ಅವರು ಊರು ಸೇರಿದರು. ಕೆಲವೇ ವರ್ಷಗಳಲ್ಲಿ ತೀರಿಕೊಂಡರೆಂದು ಇಲ್ಲಿನ ಬನಿಯಾಸ್ ಬಡಾವಣೆಯಲ್ಲಿರುವ, ಅವರ ಊರಿನ ಪರಿಚಯದವರೊಬ್ಬರು ಹೇಳಿದರು. ನಾನು ಲವೀನಾಳಿಗೆ ಒಂದು ಮಾತೂ ತಿಳಿಸಲಿಲ್ಲ.

ನಿನ್ನೆ ಆ ಪರಿಚಯದವರಿಂದಲೇ ಲವೀನಾಳ ನಂಬರು ಪಡೆದು ಫೋನು ಮಾಡಿದೆ. ಅವಳಿಗೆ ನಾನು ಯಾರೆಂದೇ ಗೊತ್ತಿರಲಿಲ್ಲ. ಅವಳ ಅಮ್ಮ ಹೊಲಿದ ಗೌನಿನ ಮಾತೆತ್ತಿದೆ.

“ಕಟ್ಟುವವರಿಗೆ ಹೇಳ್ಲಿಕ್ಕೇ ಮಮ್ಮಿ ಮರ್ತಿದ್ರು. ಹಾಗಂತ ಅವರೇ ಹೇಳಿದ್ದು” ಎಂದಳು. “ಮಗಳ ಮದುವೆಯೇ ನೆನಪಿಲ್ಲದವರ ಹತ್ರ ಎಂತ ಮಾತಾಡುವುದು? ಊರಿಗೆ ಬಂದ ಮೇಲೂ ನಾನು ಸರಿಯಾಗಿ ಮಾತಾಡ್ಲಿಲ್ಲ.”

ಅವರು ಮರೆತಿರಲಿಲ್ಲ ಎಂದೆ. ಬರಬೇಕಾಗಿದ್ದವಳು ನಾನು ಎಂದೆ.

“ಇದನ್ನು ಈಗ ಹೇಳ್ತೀರಾ?” ಎಂದು ಫೋನಿಟ್ಟಳು.