ಸುಂದರಬಾಯಿಯ ಬಾಗಿಲಲ್ಲಿ ಡಂಗುರ

ಶಹಾಬಾದಿನ ಸಾಯಬಣ್ಣ ಹಲಗೆ ಬಡಿದು ಡಂಗುರ ಸಾರಲು ನಿಂತರೆ ಮೈಸೂರು ಸರಕಾರವೇ ಧೋತರ ಉಟ್ಟು ಓಣಿಗೆ ಬಂದಂತೆ. ಬೀಡಿ ಆರಿಸಿ, ರುಮಾಲು ಸರಿಮಾಡಿಕೊಂಡು, "ಕೇಳ್ರಪ್ಪೋ ಕೇಳ್ರಿ!" ಎಂದನೆಂದರೆ ಬೇವಿನ ಮರದ ಕಾಗೆಗಳೂ ಬಾಯಿ ಮುಚ್ಚುತ್ತವೆ. ಆದರೆ ಅವನ ನಿಜವಾದ ಕಸುಬು ಶುರುವಾಗುವುದು ಕೂಗಿ ಮುಗಿದ ಮೇಲೆ, ಹುಟ್ಟು ಕಿವುಡಿ ಸುಂದರಬಾಯಿಯ ಬಾಗಿಲಲ್ಲಿ. ಹಿಂದೊಮ್ಮೆ ಸರಕಾರ ಮನೆ ಕಟ್ಟಲು ಜಾಗ ಹಂಚುವ ಸುದ್ದಿ ಮುಟ್ಟದೆ ಆಕೆಗೆ ಜಾಗ ತಪ್ಪಿತ್ತು. "ಊರಿಗೆಲ್ಲ ಸಾರೀನಿ ಅಂತ ಸಾಹೇಬರಿಗೆ ಹೇಳೀನಿ, ಅದು ಸುಳ್ಳಾತಲ್ಲ!" ಎಂದು ಸಾಯಬಣ್ಣ ಅವತ್ತು ರೊಟ್ಟಿ ಮುಟ್ಟಲಿಲ್ಲ. ಅಂದಿನಿಂದ ಪ್ರತಿ ಡಂಗುರವನ್ನೂ ಆಕೆಯೆದುರು ಆಡಿ ತೋರಿಸುತ್ತಾನೆ. ರೇಷನ್ ಸಕ್ಕರೆ ಬಂತೆಂದರೆ ನಾಲಿಗೆ ಚಪ್ಪರಿಸುತ್ತಾನೆ. ಕಾಲರಾ ಸೂಜಿಯೆಂದರೆ ತನ್ನ ರಟ್ಟೆಗೆ ತಾನೇ ಚುಚ್ಚಿಕೊಂಡು ಒಂಟಿ ಕಾಲಲ್ಲಿ ಕುಣಿಯುತ್ತಾನೆ. ತಹಸೀಲದಾರರು ಬರುತ್ತಾರೆಂದರೆ ಇಲ್ಲದ ಹೊಟ್ಟೆಯನ್ನು ಮುಂದೆ ಮಾಡಿಕೊಂಡು ನಡೆಯುತ್ತಾನೆ. ಓಣಿಯೆಲ್ಲ ಬಿದ್ದು ಬಿದ್ದು ನಗುತ್ತದೆ. ಆಕೆ ಅದನ್ನೇ ತಿರುಗಿ ಆಡಿ ತೋರಿಸುವವರೆಗೆ ಅವನು ಹೊಸ್ತಿಲು ಬಿಟ್ಟು ಕದಲುವುದಿಲ್ಲ. ಇದೆಲ್ಲಕ್ಕೂ ಮೊದಲು ಮಾತ್ರ ಒಂದು ಕೆಲಸವುಂಟು. ಹಲಗೆಯನ್ನು ಆಕೆಯ ಮುಂದೆ ಹಿಡಿಯುತ್ತಾನೆ. ನೆಲಕ್ಕೆ ಹಾಸುವ ಫರಸಿಕಲ್ಲು ತಿಕ್ಕುವ ಕೂಲಿಯಲ್ಲಿ ಒರಟಾದ ತನ್ನ ಅಂಗೈಯನ್ನು ಆಕೆ ಅದರ ಚರ್ಮದ ಮೇಲಿಡುತ್ತಾಳೆ. ಅವನು ಪಕ್ಕದಲ್ಲೇ ಬಡಿಯುತ್ತಾನೆ. "ಕಿವಿ ಕೇಳಲಾರ್ದಾಕಿಗೆ ಹಲಗಿ ಯಾಕೋ?" ಎಂದು ಯಾರಾದರೂ ನಕ್ಕರೆ ಕೆಂಡಾಮಂಡಲವಾಗುತ್ತಾನೆ: "ಹಲಗಿ ಬಡೀಲಾರ್ದೆ ಹೇಳಿದ್ರ ಅದು ಓಣಿ ಮಾತಾಗ್ತದ. ಆಕಿಗೂ ಸರಕಾರದ ಮಾತೇ ಮುಟ್ಟಬೇಕು!" ಅಂಗೈ ಕೆಳಗೆ ಚರ್ಮ ನಡುಗುತ್ತದೆ. ಸುಂದರಬಾಯಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಸರಕಾರದೆದುರು ನಿಲ್ಲುವಂತೆ ನೆಟ್ಟಗೆ ನಿಲ್ಲುತ್ತಾಳೆ.